ಕೊರತೆ ಹೇಳಿದಾಕಿಗಿ ಮೊದಲ ರೊಟ್ಟಿ

ನಾರಾಯಣಖೇಡದಾಗ ನಮ್ಮವ್ವಂದು ಒಂದು ಪದ್ಧತಿ ಇತ್ತು. ಮನಿಯಾಗ ಏನೇ ಮಾಡ್ಲಿ, ಮೊದ್ಲು ನಮ್ಮ ಅಂಗೈಯಾಗ ಚೂರು ಹಾಕಿ, ‘ಕೊರತೆ ಹೇಳು’ ಅಂತಿದ್ಳು. ‘ಛಂದ ಆಗ್ಯದ’ ಅಂದವರ್ನ ಅಡಗಿಮನಿಯಿಂದ ಹೊರಗ ಕಳಸ್ತಿದ್ಳು. ಬರೇ ಹೆಸರಿಟ್ಟು ತಪ್ಪು ತೆಗದ್ರೂ ನಡೀತಿರಲಿಲ್ಲ, ಹೆಂಗ ಸರಿ ಮಾಡಬೇಕು ಅನ್ನಾದೂ ಹೇಳಬೇಕು. ಸರಿಯಾಗಿ ಹೇಳಿದವರಿಗಿ ಹಂಚಿನ ಮ್ಯಾಲಿನ ಮೊದಲ ರೊಟ್ಟಿ, ಅದರ ಮ್ಯಾಲ ಬೆಣ್ಣಿ. ಆ ರೊಟ್ಟಿಗಾಗಿ ನಾನೂ ಬಾಜೂ ಮನಿ ಗೆಳತಿನೂ ಜಗಳಾಡ್ತಿದ್ದೆವು. ಕಡೀಕ ಅರ್ಧ ಅರ್ಧ ಹರಕೊಂಡು ತಿಂತಿದ್ದೆವು.

ಲಗ್ನ ಆದಮ್ಯಾಲ ನಾ ಜಹೀರಾಬಾದಿಗಿ ಬಂದೆ, ಆಕಿ ತಾಂಡೂರಿಗಿ ಹೋದಳು. ಹೋದ ವರ್ಷ ಆಕಿ ಒಂದು ವೆಬ್‌ಸೈಟ್ ಮಾಡಿಸಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದ್ರ ಚಟ್ನಿಪುಡಿ, ಮಾರಾಕ ಸುರು ಮಾಡಿದಳು. ಅದರಾಗ ದಪ್ಪ ಅಕ್ಷರದಾಗ ಬರದಿತ್ತು: ನಿಮ್ಮ ಅನಿಸಿಕೆ ತಿಳಿಸಿ, ಉತ್ತಮ ಸಲಹೆಗೆ ಬಹುಮಾನ. ಅಷ್ಟು ಸಾಲಲಿಲ್ಲ ಅಂತ ಫೋನೂ ಮಾಡಿದಳು.

‘ಎಲ್ಲಾರೂ ಸೂಪರ್ ಸೂಪರ್ ಅಂತ ಬರದು ಹೋಗ್ತಾರ. ಅದರಿಂದ ನನಗೇನೂ ತಿಳಿಯಂಗಿಲ್ಲ. ನೀ ಖರೇ ಬರಿ. ನಿಮ್ಮವ್ವ ಕೇಳಿದ್ರ ಹೇಳ್ತಿದ್ದೆಲ್ಲ, ಹಂಗ ಬರಿ.’

ನನಗ ಭಾಳ ಖುಷಿ ಆತು. ಪಾರ್ಸಲ್ ತರಿಸಿ, ತಿಂದು ನೋಡಿ, ಮಧ್ಯಾಹ್ನ ಪೂರ್ತಿ ಕುಂತು ಬರದೆ. ರೊಟ್ಟಿ ರುಚಿ ಅವ, ಆದ್ರ ಚೂರಾಗಿ ಬರ್ತಾವ, ನಡುವ ಒಂದೊಂದು ಕಾಗದ ಇಡ್ರಿ. ಹಿಂಡಿಯಾಗ ಬಳ್ಳೊಳ್ಳಿ ಹಸಿ ಅದ, ಲಗೂ ಕಮಟು ಹಿಡೀತದ, ನಮ್ಮವ್ವ ಬಳ್ಳೊಳ್ಳಿ ಬಿಸಿಲಿಗಿ ಒಣಗಿಸಿ ಹಾಕ್ತಿದ್ಳು. ಯಾವಾಗ ಮಾಡಿದ್ದು ಅಂತ ಪಾಕೀಟಿನ ಮ್ಯಾಲ ಬರೀರಿ. ಮೂರು ಸ್ಟಾರ್ ಕೊಟ್ಟೆ. ಇವೆಲ್ಲ ಸರಿ ಆದ್ರ ಉಳದದ್ದೂ ಕೊಡ್ತೀನಿ ಅಂತ ಬರದೆ.

ಸಂಜಿಕಿ ನೋಡಿದ್ರ ಅದು ಇರಲಿಲ್ಲ. ಫೋನ್ ಮಾಡಿದೆ. ‘ಸೈಟ್ ಕೈ ಕೊಟ್ಟಿರಬೇಕು, ಮತ್ತೊಮ್ಮೆ ಬರಿ’ ಅಂದಳು. ಮತ್ತ ಬರದೆ, ಅದೂ ಹೋತು. ನಮ್ಮನಿಯವರು ಕೊಡಿಸಿದ ಫೋನೇ ಸರಿ ಇಲ್ಲ ಅಂತ ಅವರಿಗಿ ಬೈದೆ. ಆಕಿ ಮ್ಯಾಲ ಒಂದು ಸಂಶಯ ಬರಲಿಲ್ಲ ನೋಡ್ರಿ, ಎಂಥ ಹುಚ್ಚಿ ನಾನು.

ಮುಂದ ನಮ್ಮ ಓಣಿ ಟೀಚರಮ್ಮ ನಾ ಹೇಳಿದ್ದಕ್ಕ ಅಲ್ಲಿಂದಾನೇ ತರಿಸಿಕೊಂಡ್ರು. ರೊಟ್ಟಿ ನಡುವ ಕಾಗದ ಇತ್ತು, ಪಾಕೀಟಿನ ಮ್ಯಾಲ ತಾರೀಖು ಇತ್ತು, ಬಳ್ಳೊಳ್ಳಿ ಒಣಗಿತ್ತು. ನನ್ನ ಮಾತು ಕೇಳ್ಯಾಳ ಅಂತ ನನ್ನ ಎದಿ ಉಬ್ಬಿತು. ಅದೇ ಖುಷಿಯಾಗ ಸೈಟ್ ತೆರದೆ.

ಎಲ್ಲಕ್ಕೂ ಮ್ಯಾಲ ‘ಉತ್ತಮ ಸಲಹೆ’ ಅಂತ ಆಕಿ ನಾದಿನಿ ಫೋಟೋ, ಕೈಯಾಗ ಬಹುಮಾನದ ಬುಟ್ಟಿ. ಕೆಳಗ ನಾ ಬರದ ಸಾಲು, ಒಂದಕ್ಷರ ಬಿಡದಂಗ. ‘ನಮ್ಮವ್ವ ಬಿಸಿಲಿಗಿ ಒಣಗಿಸಿ ಹಾಕ್ತಿದ್ಳು’ ಅನ್ನಾದೂ ಇತ್ತು. ಬುಟ್ಟಿ ಒಯ್ಯಲಿ, ಹೆಸರು ಒಯ್ಯಲಿ. ನಮ್ಮವ್ವನ್ನೂ ಒಯ್ದಿದ್ರು.

ಮರುದಿನಾನೇ ತಾಂಡೂರಿಗಿ ಹೋದೆ. ಆಕಿ ಪಾಕೀಟು ಕಟ್ಟಕೋತ ಕುಂತಿದ್ಳು.

‘ನನ್ನದು ಅಳಿಸಿದಾಕಿ ನೀನೇ ಏನು?’ ಅಂದೆ.

ಆಕಿ ಇಲ್ಲ ಅನ್ನಲಿಲ್ಲ. ‘ನಾದಿನಿ ಮನಸ್ಸು ಹಿಡೀಬೇಕಾಗ್ಯದ ಯವ್ವಾ. ಆಕಿ ಮುನಿಸಿಕೊಂಡ್ರ ನಾಳೆ ರೊಟ್ಟಿ ಬಡಿಯಾಕ ಯಾರೂ ಬರಂಗಿಲ್ಲ. ನೀ ನಮ್ಮಾಕಿ ಇದ್ದಿ. ನಿನಗ್ಯಾಕ ಬೇಕು ಬಹುಮಾನ?’

‘ಬುಟ್ಟಿ ಯಾರಿಗಿ ಬೇಕಾಗಿತ್ತು? ನೀ ಹೇಳಿದ್ದು ಖರೇ ಅದ ಅಂತ ಒಂದು ಮಾತು ಅಂದಿದ್ರ ಸಾಕಾಗಿತ್ತು.’

‘ಇಷ್ಟಕ್ಕ ಯಾಕ ಸಿಟ್ಟು’ ಅಂತ ನಕ್ಕು ಚಾ ಇಡಾಕ ಎದ್ದಳು. ಸಿಟ್ಟು ಬ್ಯಾರೆ. ಇದು ಸಿಟ್ಟಲ್ಲ ಅಂತ ಆಕಿಗಿ ತಿಳೀಲೇ ಇಲ್ಲ. ಚಾ ಕುಡೀದೇ ಬಸ್ ಹತ್ತಿದೆ.

ಮೊನ್ನೆ ಮತ್ತೊಂದು ಪಾರ್ಸಲ್ ಬಂತು. ಮಾವಿನಕಾಯಿ ಉಪ್ಪಿನಕಾಯಿ. ಹಿಂದಿಂದೇ ಫೋನ್. ‘ಮುಂದಿನ ವಾರದಿಂದ ಇದನ್ನೂ ಮಾರಾಕ ಇಡ್ತೀನಿ, ಸೈಟಿನಾಗ ಈಗೇ ಹಾಕೀನಿ. ನಿನ್ನಂಗ ಹೇಳಾವರು ಯಾರೂ ಇಲ್ಲ. ಕೊರತೆ ಹೇಳು.’ ಅವ್ವನ ಮಾತು ಆಕಿ ಬಾಯಾಗ ಕೇಳಿ ಕಣ್ಣಾಗ ನೀರು ಬಂತು.

ಹೋಳು ಬಾಯಾಗ ಇಟ್ಟಕೂಡ್ಲೇ ತಿಳೀತು. ಉಪ್ಪು ಕಡಿಮಿ. ಎಣ್ಣಿ ಹೋಳು ಮುಳುಗೂವಷ್ಟು ಇಲ್ಲ. ಹಿಂಗೇ ಮಾರಿದ್ರ ತಿಂಗಳೊಪ್ಪತ್ತಿನಾಗ ಬೂಸ್ಟು ಹಿಡೀತದ, ಮಂದಿ ತಿರುಗಿ ಕಳಿಸ್ತಾರ. ಏನು ಮಾಡಬೇಕು ಅನ್ನಾದೂ ನನಗ ಗೊತ್ತಿತ್ತು. ಅವ್ವ ಕಲಿಸ್ಯಾಳ.

ಫೋನ್ ತಗೊಂಡು ಸೈಟಿನಾಗ ‘ಸೂಪರ್’ ಅಂತ ಬರದೆ. ಐದೂ ಸ್ಟಾರ್ ಕೊಟ್ಟೆ.

ಅದನ್ನ ಆಕಿ ಅಳಿಸಿಲ್ಲ. ಎಲ್ಲಕ್ಕೂ ಮ್ಯಾಲ ಇಟ್ಟಾಳ.