ಬುಡದಲ್ಲಿದ್ದ ಹೆಸರು

ಅವರ ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳಿನಿಂದ ಒಂದು ಇಂಚು ದೂರ ಸರಿದು ನಿಂತಿತ್ತು. ನಡುವಿನ ಚರ್ಮ ಜಡ್ಡುಗಟ್ಟಿ, ಹಳೆಯ ಚರ್ಮದ ಬೆಲ್ಟಿನ ಹಾಗೆ ಮಿಂಚುತ್ತಿತ್ತು. ಮೂವತ್ತು ವರ್ಷ ಮರದ ತುಂಡನ್ನು ಆ ಸಂದಿಯಲ್ಲಿ ಇರುಕಿಸಿಕೊಂಡು ಕೆತ್ತಿದ ಕಾಲು ಅದು. ನಾನು ಮೊದಲು ಕಂಡದ್ದು ಮುಖವನ್ನಲ್ಲ, ಆ ಕಾಲನ್ನು. ಜಗಳಕ್ಕೆಂದು ಹೋಗಿದ್ದೆ, ಅವರು ತಲೆಯನ್ನೇ ಎತ್ತಲಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ, ಹರ್ನ್‌ಡನ್ನಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಅವರು ಕೆಳಗೆ. ಗಂಡ ಬೆಳಿಗ್ಗೆ ಟೋಲ್ ರೋಡ್ ಹಿಡಿದು ಆಫೀಸಿಗೆ ಹೋದರೆ ಸಂಜೆಯವರೆಗೂ ನಾನು ಒಬ್ಬಳೇ. ಡಿಪೆಂಡೆಂಟ್ ವೀಸಾದವಳು ಕೆಲಸ ಮಾಡುವಂತಿಲ್ಲ. ಕಾರು ಓಡಿಸಲು ಬಾರದು. ಮೈಸೂರಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಯ ಪಾರಿತೋಷಕ ಗೆದ್ದು ತಂದ ನನಗೆ ಇಲ್ಲಿ ಎದುರಾಳಿ ಎಂದರೆ ಬಟ್ಟೆ ಒಣಗಿಸುವ ಡ್ರೈಯರ್ ಒಂದೇ. ಅದರ ಮೇಲೆ ಕೆಳಮನೆಯ ಸಿಮೆಂಟು ಜಗಲಿಯಿಂದ, ಇಲ್ಲಿನವರ ಪ್ಯಾಟಿಯೋದಿಂದ, ದಿನವಿಡೀ ಟಕ್ ಟಕ್ ಸದ್ದು. ಇಳಿದು ಹೋಗಿ, ಬಾಡಿಗೆ ಕರಾರಿನಿಂದ ಹಿಡಿದು ನೆರೆಹೊರೆಯ ನೀತಿಯವರೆಗೆ ಮೂರು ಅಂಶಗಳನ್ನು ಮಂಡಿಸಿದೆ.

"ಮೂರಾಯ್ತು," ಅಂದರು ಉಳಿ ನಿಲ್ಲಿಸದೆ. "ನಾಲ್ಕನೇದು ಇಲ್ವಾ?"

ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲಿ ಮಾತಾಡುತ್ತಾರೆ. ಅವತ್ತಿನಿಂದ ನನ್ನನ್ನು 'ವಕೀಲಿ' ಎಂದು ಕರೆದರು. ಅವರ ಸ್ವಾಹಿಲಿಯಲ್ಲೂ ವಕೀಲರಿಗೆ ಅದೇ ಮಾತಂತೆ.

ತಾಂಜಾನಿಯಾದ ದಕ್ಷಿಣದ ಮಕೊಂಡೆ ಜನ ಅವರು. ಅಪ್ಪ, ಅಜ್ಜ ಎಲ್ಲರೂ ಕರಿಮರ ಕೆತ್ತಿದವರೇ. ಒಂದು ಮೇಳದಲ್ಲಿ ಕೆತ್ತಿ ತೋರಿಸಲೆಂದು ಬಂದು, ಇಲ್ಲೇ ಉಳಿದಿದ್ದರು. ರಾತ್ರಿ ಪಾಳಿಯಲ್ಲಿ ಏರ್‌ಪೋರ್ಟಿನ ಬಾಡಿಗೆ ಕಾರು ತೊಳೆಯುವ ಕೆಲಸ, ಆಮೇಲೆ ಪ್ಯಾಟಿಯೋ. ಹಳೆಯ ಕಾರಿನ ಮ್ಯಾಟೊಂದನ್ನು ಮಡಚಿ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದರು. ಗೆರೆ ಎಳೆಯುವುದು, ಅಳತೆ ಮಾಡುವುದು ಇಲ್ಲವೇ ಇಲ್ಲ. ಮರವನ್ನು ತಟ್ಟಿ, ತಿರುಗಿಸಿ, ಮತ್ತೆ ತಟ್ಟಿ, ಇದ್ದಕ್ಕಿದ್ದಂತೆ ಉಳಿ ಇಡುತ್ತಿದ್ದರು. ಅಪಾರ್ಟ್‌ಮೆಂಟಿನ ಬಾಡಿಗೆ ಆಫೀಸಿನ ಮ್ಯಾನೇಜರು ಗದರಿಸಿ ಹೋದ ವಾರ ಒಂದು ಪಿಶಾಚಿಯನ್ನು ಕೆತ್ತಿದರು: ಒಂದೇ ಕಣ್ಣು, ಹೊಟ್ಟೆಯವರೆಗೆ ಇಳಿದ ಮೂಗು. ಆ ಮೂಗು ಯಾರದೆಂದು ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಆದರೆ ಅವರ ಜೀವ ಇದ್ದದ್ದು ಕುಟುಂಬದ ಕಂಬಗಳಲ್ಲಿ. ಒಂದೇ ಮರದ ತುಂಡಿನಲ್ಲಿ ಇಡೀ ಮನೆತನ, ಒಬ್ಬರ ಹೆಗಲ ಮೇಲೊಬ್ಬರು, ಎಲ್ಲರ ಕೆಳಗೆ ಎಲ್ಲರನ್ನೂ ಹೊತ್ತ ಮುದುಕಿ. ಎಲ್ಲೂ ಬೆಸುಗೆ ಇಲ್ಲ, ಅಂಟು ಇಲ್ಲ. "ಅಂಟು ಹಾಕೋನು ಮೇಜು ಮಾಡ್ಲಿ, ಕುಟುಂಬ ಮಾಡ್ಬಾರ್ದು" ಅನ್ನುತ್ತಿದ್ದರು. ಆ ಮರ ನಮ್ಮ ಬೀಟೆಯ ದಾಯಾದಿ. ತಿರುಳು ಕಪ್ಪು, ಅಂಚು ಕೆನೆ ಬಣ್ಣ. ಆ ಬಿಳಿ ಅಂಚನ್ನು ಬೇಕೆಂದೇ ಉಳಿಸುತ್ತಿದ್ದರು. ಯಾವುದೋ ಮರಕ್ಕೆ ಬೂಟ್ ಪಾಲಿಶ್ ಬಳಿದು ಕರಿಮರ ಎಂದು ಮಾರುವವರ ಬಳಿ ಆ ಬಿಳಿ ಇರುವುದಿಲ್ಲ.

ಒಂದು ಕಂಬವನ್ನು ನಾನೇ ಮಾರಿಸಿಕೊಟ್ಟೆ. ನದಿಯಾಚೆಯ ಸಿರಿವಂತರ ಊರು ಪೊಟೊಮ್ಯಾಕಿನಲ್ಲಿ ನಮ್ಮ ಕಡೆಯ ಹೃದಯದ ಡಾಕ್ಟರು ಒಬ್ಬರಿದ್ದರು, ಕನ್ನಡದವರಿಗೆಲ್ಲ ಅಂಕಲ್. ಅವರ ಹೊಸ ಮನೆಗೆ 'ಏನಾದ್ರೂ ಎತ್ನಿಕ್' ಬೇಕಾಗಿತ್ತು. ಅದೇ ದಿಮ್ಮಿಯ ಇನ್ನರ್ಧದಲ್ಲಿ ಕೆತ್ತಿದ ಕಂಬ ಒಬ್ಬ ದಲ್ಲಾಳಿಯ ಮೂಲಕ ವಾಷಿಂಗ್ಟನ್ ಡಿ.ಸಿ.ಯ ಒಂದು ಗ್ಯಾಲರಿ ಸೇರಿತ್ತು. ದಲ್ಲಾಳಿ ಆಮೇಲೆ ಅಂಗಡಿ ಮುಚ್ಚಿಕೊಂಡು ಎಲ್ಲಿಗೋ ಹೋದ.

ತೊಂಬತ್ತೇಳರ ಬೇಸಿಗೆಯಲ್ಲಿ ಅವರ ಇಮಿಗ್ರೇಶನ್ ಲಾಯರು ಹೇಳಿದ: ಕಲಾವಿದನೆಂದು ಗ್ರೀನ್‌ಕಾರ್ಡ್ ಬೇಕಿದ್ದರೆ, ಹೆಸರಿನ ಸಮೇತ ಪ್ರದರ್ಶನವಾದದ್ದಕ್ಕೆ ಪುರಾವೆ ಬೇಕು, ತಿಂಗಳ ಕೊನೆಯೊಳಗೆ. ಇಲ್ಲದಿದ್ದರೆ ದೇಶ ಬಿಡಬೇಕು. ನಾನು ಟೊಂಕ ಕಟ್ಟಿದೆ.

"ನಿಂಗ್ಯಾಕೆ ಊರ ಉಸಾಬರಿ?" ಅಂದ ಗಂಡ. "ನಮ್ ಗ್ರೀನ್‌ಕಾರ್ಡೇ ಇನ್ನೂ ಅಪ್ಲೈ ಮಾಡಿಲ್ಲ."

ಹತ್ತಿರದ ವಿಯೆನ್ನಾ ಸ್ಟೇಷನ್ನಿನ ತನಕ ಕೆಳಮನೆಯವರ ಕಾರಿನಲ್ಲಿ ಹೋದೆವು, ಅಲ್ಲಿಂದ ಮೆಟ್ರೋ. ಗ್ಯಾಲರಿಯಲ್ಲಿ ಕಂಬ ಒಳ್ಳೆಯ ಬೆಳಕಿನಲ್ಲಿ ನಿಂತಿತ್ತು. ಪಕ್ಕದ ಚೀಟಿಯಲ್ಲಿ: 'ಮಕೊಂಡೆ ಜನಾಂಗ. ಶಿಲ್ಪಿ ಅಜ್ಞಾತ.' ಅಜ್ಞಾತ ಶಿಲ್ಪಿ ಕಾರು ಕಂಪನಿಯ ಜಾಕೆಟ್ ತೊಟ್ಟು ನನ್ನ ಪಕ್ಕದಲ್ಲೇ ನಿಂತಿದ್ದರು.

ಮೇಲ್ವಿಚಾರಕಿ ನಗುನಗುತ್ತಲೇ ಮಾತಾಡಿದಳು. "ಒಬ್ಬನ ಹೆಸರು ಅನ್ನೋದು ನಮ್ಮ ಪಶ್ಚಿಮದ ಗೀಳು. ಇದು ಸಮುದಾಯದ ಕಲೆ."

"ಆ ಗೋಡೆ ಮೇಲಿರೋ ಪೇಂಟಿಂಗು ಯಾವ ಸಮುದಾಯದ್ದು?" ಅಂದೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಹೆಸರಿತ್ತು. "ನಮ್ಮ ಬೇಲೂರಿನಲ್ಲಿ ಕಲ್ಲು ಕಡಿದೋರು ಎಂಟುನೂರು ವರ್ಷದ ಹಿಂದೆಯೇ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಅವರಿಗೆ ಈ ಗೀಳನ್ನ ನೀವೇ ಹೋಗಿ ಅಂಟಿಸಿ ಬಂದ್ರಾ?"

ಆಗ ಅವರು ಮೊದಲ ಬಾರಿ ಬಾಯಿ ಬಿಟ್ಟರು. "ನನ್ನ ಹೆಸರೂ ಇದೆ. ಎಲ್ಲರನ್ನೂ ಹೊತ್ತೋಳ ಅಡಿಯಲ್ಲಿ. ಎತ್ತಿ ನೋಡಿ."

ನನಗೂ ಅದು ಅಂದೇ ಗೊತ್ತಾದದ್ದು. ಆದರೆ ಕಂಬವನ್ನು ಪೀಠಕ್ಕೆ ನಾಲ್ಕು ಬೋಲ್ಟಿನಲ್ಲಿ ಬಿಗಿದಿದ್ದರು. ಬಿಚ್ಚಲು ಇನ್ಶೂರೆನ್ಸಿನವರು ಬಿಡುವುದಿಲ್ಲವಂತೆ. ಹೊಸದೊಂದನ್ನು ಕೆತ್ತಿ ತೋರಿಸುತ್ತಾರೆ ಅಂದೆ. ಪುರಾವೆ ಎಂದರೆ ಮೊದಲೇ ಇದ್ದದ್ದು ಅಂದಳು. ಚರ್ಚೆಯಲ್ಲಿ ಅದು ಸರಿಯಾದ ಪಾಯಿಂಟು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕೊನೆಗೆ ಒಂದು ಮಾತಿಗೆ ಒಪ್ಪಿದಳು: ಅದೇ ದಿಮ್ಮಿಯ ಇನ್ನೊಂದು ಕಂಬದ ಬುಡದಲ್ಲಿ ಹೆಸರು ತೋರಿಸಿದರೆ ಚೀಟಿ ಬದಲಿಸಿ, ಪತ್ರವನ್ನೂ ಕೊಡುತ್ತೇವೆ.

ಮೆಟ್ರೋದಲ್ಲಿ ನಾನು ಪಾರಿತೋಷಕ ಗೆದ್ದವಳ ಹಾಗೆ ಕೂತಿದ್ದೆ.

ಶನಿವಾರ ಪೊಟೊಮ್ಯಾಕಿಗೆ ಹೋದೆವು. "ಬನ್ನಿ ಬನ್ನಿ, ಆರ್ಟಿಸ್ಟೇ ಬಂದ್ಬಿಟ್ರಲ್ಲ!" ಅಂತ ಅಂಕಲ್. ಗಾಜಿನ ಶೋಕೇಸಿನಲ್ಲಿ ಕಂಬ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಿಳಿ ಅಂಚು ಕಾಣಲಿಲ್ಲ.

"ಅಲ್ಲಲ್ಲಿ ಬೆಳ್ಳಗೆ ಕೊಳೆ ಇತ್ತಲ್ಲಮ್ಮಾ," ಅಂದರು ಆಂಟಿ. "ನಾನೇ ಪಾಲಿಶ್ ಹಾಕಿದೆ. ಈಗ ನೋಡು, ಎಷ್ಟು ನೀಟಾಗಿದೆ!"

ಕೆತ್ತಿದವರು ಹೆಬ್ಬೆರಳಿನಿಂದ ಮುದುಕಿಯ ಕೆನ್ನೆ ಸವರಿ, ಬೆರಳಿಗೆ ಹತ್ತಿದ ಕಪ್ಪನ್ನು ನೋಡಿಕೊಂಡರು. ಆಮೇಲೆ ಕಂಬವನ್ನು ಮಗುವಿನ ಹಾಗೆ ಮಲಗಿಸಿದರು. ಬುಡಕ್ಕೆ ಹಸಿರು ಬಟ್ಟೆ ಅಂಟಿಸಿದ್ದರು. ನಾನು ಒಂದು ಮೂಲೆ ಹಿಡಿದು ಪರ್ರನೆ ಕಿತ್ತೆ. ಕೆಳಗೆ ನುಣ್ಣಗಿನ ಮರ. ಬರೀ ಮರ.

"ಅಲುಗಾಡ್ತಾ ಇತ್ತು, ಗಾಜು ಗೀಚ್ತಿತ್ತು," ಅಂದರು ಅಂಕಲ್. "ಬಡಗಿ ಹತ್ರ ಅರ್ಧ ಇಂಚು ತೆಗೆಸಿದೆ. ನಿನ್ನ ಕೇಳೇ ಮಾಡ್ಸಿದ್ದಲ್ವೇನಮ್ಮಾ?"

ಕೇಳಿದ್ದರು. ಫೋನಿನಲ್ಲಿ. ಒಗ್ಗರಣೆ ಹಾಕುತ್ತ ನಾನು ಹೇಳಿದ್ದು ಅಕ್ಷರಶಃ ನೆನಪಿದೆ: "ಉಜ್ಸಿ ಅಂಕಲ್. ಬುಡ ಯಾರ್ ನೋಡ್ತಾರೆ!"

ಆ ಮನೆಯ ಒಂದು ಗೋಡೆಯ ತುಂಬ ಅಂಕಲ್‌ನ ಡಿಗ್ರಿಗಳು. ಒಂದೊಂದಕ್ಕೂ ಚಿನ್ನದ ಬಣ್ಣದ ಚೌಕಟ್ಟು, ಒಂದೊಂದರಲ್ಲೂ ಅವರ ಪೂರ್ತಿ ಹೆಸರು. ಅವುಗಳಲ್ಲಿ ಒಂದನ್ನಾದರೂ ಗೋಡೆಗೆ ಸರಿಯಾಗಿ ಕೂರಲಿಲ್ಲವೆಂದು ಅರ್ಧ ಇಂಚು ಕತ್ತರಿಸುತ್ತಿದ್ದರೇ? ಕೇಳಬೇಕಿತ್ತು. ಆದರೆ ಪಾಯಿಂಟು ನನ್ನ ಮೇಲೇ ತಿರುಗಿತ್ತು.

"ನಿಮ್ಮ ಬಡಗಿ ಕೆಲಸ ಚೆನ್ನಾಗಿ ಮಾಡಿದಾನೆ," ಅಂದರು ಅವರು ಅಂಕಲ್‌ಗೆ. "ಈಗ ಅಲುಗಾಡಲ್ಲ." ಆಂಟಿ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದರು. ನಾನು ಮುಟ್ಟಲಿಲ್ಲ.

ಕಾರಿನಲ್ಲಿ ಕಿರುಚಿದೆ. ಅಂಕಲ್‌ನ, ಆಂಟಿಯ, ಗ್ಯಾಲರಿಯವಳ, ಲಾಯರಿನ ಜನ್ಮ ಜಾಲಾಡಿದೆ. ಕೊನೆಗೆ, "ನನಗಾದ್ರೂ ಬೈಯಿರಿ!" ಅಂದೆ.

ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. "ನೀನು ಚೆನ್ನಾಗಿ ವಾದ ಮಾಡ್ತೀ, ವಕೀಲಿ," ಅಂದರು. "ಆದ್ರೆ ವಾದಕ್ಕೆ ಮುಂಚೆ ಒಂದ್ಸಲ ವಸ್ತೂನ ತಿರುಗಿಸಿ ನೋಡು. ನಾನು ಕೆತ್ತೋಕೆ ಮುಂಚೆ ನೋಡಲ್ವಾ, ಹಾಗೆ." ಬೈಗುಳವಾಗಿದ್ದರೆ ಮರೆಯುತ್ತಿದ್ದೆ.

ತಿಂಗಳು ಮುಗಿಯಿತು. ಚೀಟಿ ಬದಲಾಗಲಿಲ್ಲ, ಪತ್ರ ಬರಲಿಲ್ಲ, ಅರ್ಜಿ ತಿರಸ್ಕೃತವಾಯಿತು. ಉಳಿಗಳನ್ನು ಕಾರಿನ ಮ್ಯಾಟಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡರು. ಮೂಗಿನ ಪಿಶಾಚಿಯನ್ನು ನನಗೆ ಕೊಟ್ಟರು. ನಾನು ಮೊದಲು ಮಾಡಿದ್ದು ಅದನ್ನು ತಲೆಕೆಳಗಾಗಿ ತಿರುಗಿಸಿದ್ದು. ಅವರು ಗಟ್ಟಿಯಾಗಿ ನಕ್ಕರು. ಬುಡದಲ್ಲಿ ಹೆಸರಿತ್ತು, ಬೆರಳಿಗೆ ತಾಗುವಷ್ಟು ಆಳವಾಗಿ.

"ನಿಮ್ಮ ಹೆಸರು ಹಾಕಿ ಪೇಪರಿಗೆ ಬರೀತೀನಿ," ಅಂದೆ. "ಎಲ್ಲರಿಗೂ ಹೇಳ್ತೀನಿ."

"ಬೇಡ. ಬಾಯಿ ಹೇಳಿದ್ದರ ಜೊತೆ ಅವರು ವಾದ ಮಾಡ್ತಾರೆ. ಮರ ಎತ್ತಿ ನೋಡ್ಲಿ." ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಮೇಲೆ ನಿಂತು ನೋಡಿದಾಗ ಪ್ಯಾಟಿಯೋದಲ್ಲಿ ಮ್ಯಾಟಿನ ಆಕಾರದ ಒಂದು ಸ್ವಚ್ಛ ಚೌಕ ಮಾತ್ರ ಇತ್ತು. ಸುತ್ತ ಕಪ್ಪು ಮರದ ಪುಡಿ. ಸದ್ದಿಲ್ಲದ ಆ ಬೆಳಗಿನ ವಿರುದ್ಧ ಯಾರಿಗೆ ದೂರು ಕೊಡಲಿ?

ಇದಾಗಿ ಎರಡು ವರ್ಷವಾಯಿತು. ಈಗ ಕಾರು ಓಡಿಸುತ್ತೇನೆ. ಕೆಲವು ತಿಂಗಳಿಗೊಮ್ಮೆ ಡಿ.ಸಿ.ಗೆ ಹೋಗಿ ಆ ಕಂಬದ ಮುಂದೆ ನಿಲ್ಲುತ್ತೇನೆ. 'ಶಿಲ್ಪಿ ಅಜ್ಞಾತ' ಹಾಗೇ ಇದೆ. ಮೇಲ್ವಿಚಾರಕಿ ನನ್ನನ್ನು ಕಂಡರೆ ಒಳಗೆ ಸರಿಯುತ್ತಾಳೆ. ಇದನ್ನು ಓದುವ ಕೆಲವರು ನನ್ನನ್ನೂ ಕೇಳಬಹುದು: ಇಷ್ಟೆಲ್ಲ ಕೂಗಾಡುವ ನೀನೂ ಹೆಸರು ಬರೆಯಲಿಲ್ಲವಲ್ಲ? ಸರಿಯಾದ ಪ್ರಶ್ನೆ. ಬರೆಯುವುದಿಲ್ಲ. ಅವರಿಗೆ ಮಾತು ಕೊಟ್ಟಿದ್ದೇನೆ. ಬೇಕಾದವರು ಬಂದು ಎತ್ತಿ ನೋಡಲಿ. ಇರುವುದು ನಾಲ್ಕೇ ಬೋಲ್ಟು. ಸ್ಪ್ಯಾನರ್ ನನ್ನ ಕಾರಿನಲ್ಲಿದೆ.