ಕಣಕ್ಕೆ ಕೇಳಿದ ಕೂಗು

ಮಧ್ಯಾಹ್ನ ಮೂರೂಮುಕ್ಕಾಲಿಗೆ, ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ರಾಶಿ ಮಾಡುತ್ತಿದ್ದಾಗ, "ಶಾರೂ" ಎಂಬ ಕೂಗು ಕೇಳಿಸಿತು. ಇಂಥದ್ದನ್ನು ಬೇರೆಯವರು ಹೇಳಿದಾಗ ನಕ್ಕವಳು ನಾನು. ಬಿ.ಎಸ್ಸಿ. ಓದಿದವಳು. ಈಗ ನೀವು ನಕ್ಕರೂ ಬೇಸರವಿಲ್ಲ.

ಆ ಹೆಸರಿನಿಂದ ನನ್ನನ್ನು ಕರೆದವರು ನನ್ನ ಗಂಡ ಮಾತ್ರ, ಅದೂ ಮದುವೆಯಾದ ಹೊಸದರಲ್ಲಿ. ಆಮೇಲೆ ನಾನು ಬರೀ "ಏ ಇವ್ಳೇ" ಆಗಿದ್ದೆ. ಕೈಲಿದ್ದ ಹಲಗೆ ಬಿಸಾಡಿ ಮನೆಗೆ ಓಡಿದೆ.

ಅಂದು ಜಾವಳಿಯ ನಮ್ಮ ಸಣ್ಣ ತೋಟದಲ್ಲಿ ಕೊಯ್ಲು ಮುಗಿದಿತ್ತು. ಬೆಳಗಿನಿಂದ ಮೂಟೆ ಹೊತ್ತ ಅವರು ಕೊಯ್ಲು ಮುಗಿದ ಊಟವೆಂದು ಕಡುಬು, ಪಾಯಸ ಗಡದ್ದಾಗಿ ಉಂಡು ಮಲಗಿದ್ದರು. ಹೋಗಿ ನೋಡಿದರೆ ಕಣ್ಣು ತೆರೆದೇ ಇದೆ.

"ಕಾಲು ಎತ್ತಕ್ಕೇ ಆಗ್ತಿಲ್ಲ ಕಣೇ," ಎಂದು ಪಿಸುಗುಟ್ಟಿದರು. ಅವರ ಕೈ ಎತ್ತಿ ಬಿಟ್ಟೆ. ಒದ್ದೆ ಗೋಣಿಯಂತೆ ಬಿತ್ತು.

ಪಕ್ಕದ ಮನೆಯ ರಫೀಕ್ ಜೀಪು ತಂದರು. ಇವರ ಶಾಲೆಯ ಗೆಳೆಯ. "ಶುಗರ್ ಡೌನ್ ಆಗಿರ್ಬೇಕು ಅತ್ತಿಗೆ, ಬೆಲ್ಲದ ಕಾಫಿ ಕೊಡಿ," ಎಂದರು. ನಮ್ಮ ಕಡೆ ಯಾವ ಸುಸ್ತಿಗೂ ಅದೇ ಮದ್ದು. ಕುಡಿಸಿದೆವು. ಜೀಪಿಗೆ ಹಾಕುವಷ್ಟರಲ್ಲಿ ಇವರಿಗೆ ಹೊರಳಲೂ ಆಗುತ್ತಿರಲಿಲ್ಲ.

"ಮೂಟೆ ಹೊರೋನು ನೀನೇ ಮೂಟೆ ಆದ್ಯಲ್ಲೋ ಮಾರಾಯ!" ರಫೀಕ್ ನಗಿಸಲು ನೋಡಿದರು. ಹಾಗೆನ್ನುತ್ತಲೇ ಜೀಪು ಓಡಿಸಿದರು.

ಮೂಡಿಗೆರೆಯ ಡಾಕ್ಟರು ರಕ್ತ ಪರೀಕ್ಷಿಸಿ, ಪೊಟ್ಯಾಸಿಯಂ ತೀರಾ ಇಳಿದಿದೆ, ಇನ್ನೂ ತಡವಾಗಿದ್ದರೆ ಹೃದಯವೇ ನಿಲ್ಲಬಹುದಿತ್ತು ಎಂದರು. ಕಾರಣ ಥೈರಾಯ್ಡ್ ಎಂದು ಮರುದಿನ ತಿಳಿಯಿತು. ಅದು ಮಿತಿಮೀರಿ ಕೆಲಸ ಮಾಡುವಾಗ, ದಣಿದ ಮೈಗೆ ಅನ್ನ, ಸಿಹಿ ಹೆಚ್ಚಾಗಿ ಬಿದ್ದರೆ ರಕ್ತದ ಪೊಟ್ಯಾಸಿಯಂ ಸ್ನಾಯುಗಳೊಳಗೆ ಸೇರಿಬಿಡುತ್ತದಂತೆ. ಬೆಲ್ಲದ ಕಾಫಿ ಇನ್ನಷ್ಟು ಕೆಡಿಸಿತ್ತು. ಕೆಲವು ತಿಂಗಳಿಂದ ಇವರು ಸೊರಗಿದ್ದು, ಬೆರಳು ನಡುಗುತ್ತಿದ್ದುದು ನಾನಂದುಕೊಂಡಂತೆ ಕೊಯ್ಲಿನ ದಣಿವಾಗಿರಲಿಲ್ಲ.

ಆಸ್ಪತ್ರೆ ಸೇರಿದ ರಾತ್ರಿಯೇ ಔಷಧಿ ಹತ್ತಿ, ಕಾಲಿನ ಹೆಬ್ಬೆರಳು ಅಲ್ಲಾಡಿತ್ತು.

"ನನ್ನ ಕೂಗಿದ್ರಲ್ಲ?" ಎಂದೆ.

"ಕೂಗಕ್ಕೆ ಉಸಿರೆಲ್ಲಿತ್ತು ಮಾರಾಯ್ತಿ? ಏನಂತ ಕೂಗ್ದೆ?"

ಆ ಹೆಸರು ಹೇಳದೆ ಅವರ ಹೊದಿಕೆ ಸರಿಪಡಿಸಿದೆ. ಕಣ ಮನೆಯಿಂದ ದೂರ, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು ಬೇರೆ. ಯಾರು ಕೂಗಿದರೋ ಇವತ್ತಿಗೂ ತಿಳಿಯದು.

ಮನೆಗೆ ಬಂದ ಮೇಲೂ ರಾತ್ರಿಯೆಲ್ಲ ಅವರ ಪಾದ ಮುಟ್ಟಿ, "ಅಲ್ಲಾಡ್ಸಿ" ಎನ್ನುತ್ತಿದ್ದೆ. "ಮಲಗಕ್ಕೆ ಬಿಡೇ" ಎಂದು ಬೈಯುತ್ತಲೇ ಅಲ್ಲಾಡಿಸುತ್ತಿದ್ದರು. ಅವರು ಮತ್ತೆ ನಿದ್ದೆ ಹೋದ ಮೇಲೆ ನನ್ನ ಕಿವಿ ಆ ಹೆಸರಿಗೂ ಕಾಯುತ್ತಿತ್ತು.

ತೋಟ ಹೂವಾಗಿ ಬೆಳ್ಳಗಾದ ವಾರ, ಥೈರಾಯ್ಡ್ ಹತೋಟಿಗೆ ಬಂದಿದೆ ಎಂದರು ಡಾಕ್ಟರು. ಅಂದು ಇಬ್ಬರೂ ಬೆಳಗಿನವರೆಗೆ ನಿದ್ದೆ ಮಾಡಿದೆವು. ಎಚ್ಚರವಾದಾಗ ಅಡುಗೆಮನೆಯಿಂದ ಅವರ ದನಿ: "ಏ ಇವ್ಳೇ, ಕಾಫಿಪುಡಿ ಎಲ್ಲಿಟ್ಟೆ?"

ಇನ್ನೊಮ್ಮೆ ಕರೆಯಲಿ ಎಂದು ಕಣ್ಣು ಮುಚ್ಚಿ ಮಲಗಿಯೇ ಇದ್ದೆ.