ಮುಕರ್ರಮಕ್ಕನ ಜೋಡಿ ರೊಟ್ಟಿ

ಸಮರ್ಕಂದಿನ ಕೌಟುಂಬಿಕ ನ್ಯಾಯಾಲಯದಲ್ಲಿ ಹತ್ತೊಂಬತ್ತು ವರ್ಷ ವಿಚ್ಛೇದನ ಕೊಡಿಸಿದ ವಕೀಲೆ ಮುಕರ್ರಮಕ್ಕ ಈಗ ಅದೇ ಊರಿನ ನಮ್ಮ ಓಣಿಯಲ್ಲಿ ತಂದೂರಿ ರೊಟ್ಟಿ ಸುಡುತ್ತಾಳೆ. ರೊಟ್ಟಿ ಸೀದಿದೆ ಎಂದರೆ "ಸಾಕ್ಷಿ ಯಾರು?" ಎನ್ನುತ್ತಾಳೆ. ಒಂದೇ ಸಾಕೆಂದರೆ, "ಒಂಟಿ ರೊಟ್ಟಿ ಕೊಡಲ್ಲ ಕಣಪ್ಪಾ, ಜೋಡಿ ಮುರಿಯೋ ಕೆಲಸ ಬಿಟ್ಟಾಯ್ತು!" ಎಂದು ಗದರುತ್ತಾಳೆ. ಸಂಜೆ ತಾನೂ ಮನೆಗೆ ಎರಡು ಒಯ್ಯುತ್ತಾಳೆ; ಉಳಿದೊಂದನ್ನು ಬೆಳಿಗ್ಗೆ ಅಂಗಡಿಯಲ್ಲಿ ಚಹಾಕ್ಕೆ ಅದ್ದಿ ತಿನ್ನುತ್ತಾಳೆ. ಗೋಡೆಯ ಮೇಲೆ ಒಂದು ತುತ್ತು ಕಚ್ಚಿದ ರೊಟ್ಟಿ ಕಲ್ಲಾಗಿ ನೇತಾಡುತ್ತಿದೆ. ದೂರ ಹೊರಟವರು ಹೀಗೆ ಕಚ್ಚಿಟ್ಟು, ಮರಳಿ ಬಂದು ಮಿಕ್ಕಿದ್ದನ್ನು ತಿನ್ನುವುದು ನಮ್ಮ ರೂಢಿ. ಅವಳ ಗಂಡ ರಷ್ಯಾಕ್ಕೆ ದುಡಿಯಲು ಹೋಗಿ ಹನ್ನೊಂದು ವರ್ಷ. ಅಲ್ಲಿ ಬೇರೆ ಸಂಸಾರ ಹೂಡಿದ್ದು ಓಣಿಗೆಲ್ಲ ಗೊತ್ತು. "ಆ ರೊಟ್ಟೀನ ತೆಗೆದುಬಿಡಕ್ಕಾ" ಎಂದೆ. ಅದರ ಧೂಳು ಒರೆಸುತ್ತ ಮೆಲ್ಲಗೆ ಹೇಳಿದಳು: "ಇನ್ನೂ ಯಾರೂ ಅರ್ಜಿ ಹಾಕಿಲ್ವಲ್ಲ."